ಏಳನೇ ಬಾವಿ

ನಾಗಪುರ
12 ಜನವರಿ 2025

ಅವ್ವನಿಗೆ,

ನೀನು ನನ್ನ ಫೋನು ಎತ್ತದೆ ನಾಲ್ಕು ವರ್ಷವಾಯಿತು. ಹಾಗಾಗಿ ಕಾಗದ. ನಿನ್ನ ಹೆಸರಿಗೆ ಬಂದರೆ ನೇರ ಒಲೆಗೆ ಹಾಕುತ್ತೀ ಎಂದು ನೆರೆಮನೆಯ ಅಸ್ಕರಣ್ಣನ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ನಿನ್ನ ಲೆಕ್ಕದಲ್ಲಿ ನನ್ನದು ಕಲ್ಲಿದ್ದಲಿನವರ ಚಾಕರಿ. ಅಲ್ಲ ಅವ್ವ, ಇನ್ನೊಮ್ಮೆ ಹೇಳುತ್ತೇನೆ. ನೆಲದಡಿಯಿಂದ ಕಲ್ಲಿದ್ದಲು ತೆಗೆಯುವ ಮೊದಲು, ಮೇಲಿನ ಊರಿನ ಬಾವಿಗಳಿಗೆ ಏನಾಗುತ್ತದೆ, ನೆಲ ಎಷ್ಟು ಕುಸಿಯುತ್ತದೆ ಎಂದು ಗಣಿಯವರು ವರದಿ ಕೊಡಬೇಕು. ಆ ವರದಿ ನಿಜವೋ ಸುಳ್ಳೋ ಎಂದು ಪರಿಶೀಲಿಸುವ ಸಮಿತಿಯಲ್ಲಿ ನಾನಿದ್ದೇನೆ.

ಕಳೆದ ವಾರ ಧವರಾಖಾರ್ ಎಂಬ ಗಣಿಯ ಕಡತ ನನ್ನ ಮೇಜಿಗೆ ಬಂತು. ಮೇಲೆ ಮೂರು ಹಳ್ಳಿಗಳಿವೆ. ಒಳಗೆ ಚಾವಣಿಯನ್ನು ಹೊತ್ತು ನಿಂತ ಕಲ್ಲಿದ್ದಲಿನ ಕಂಬಗಳನ್ನೂ ತೆಗೆಯಲು ಅವರು ಅನುಮತಿ ಕೇಳಿದ್ದಾರೆ. ಕಂಬ ತೆಗೆದರೆ ಮಾಡು ಬೀಳುತ್ತದೆ, ಮೇಲಿನ ನೆಲ ಆಳೆತ್ತರ ತಗ್ಗುತ್ತದೆ, ಬಿರುಕಿನಲ್ಲಿ ಬಾವಿಯ ನೀರು ಇಳಿದುಹೋಗುತ್ತದೆ. ಬಾವಿಗಳಿಗೆ ಯಾವ ಬಾಧಕವೂ ಇಲ್ಲ ಎನ್ನುತ್ತದೆ ವರದಿ.

ಕೊನೆಯ ಪುಟದಲ್ಲಿ ಎರಡು ಸಹಿ ಇದೆ. ಒಂದು ವರದಿ ಬರೆದುಕೊಟ್ಟ ಸಂಸ್ಥೆಯ ರಿತೇಶ್ ಅನ್ನುವವನದು. ಇನ್ನೊಂದು ಅವನ ಅಪ್ಪನದು: ಡಾ. ಸರ್ವೋತ್ತಮ, ಪುತ್ತೂರು.

ನಿನಗೆ ಹೇಳಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಹೇಳಿದ್ದೇನೆ.

ಭವಿತಾ


ಪಂಜ
24 ಜನವರಿ

ಭವಿತಾಳಿಗೆ,

ಕಾಗದ ಒಲೆಗೆ ಹಾಕಲಿಲ್ಲ. ಅಸ್ಕರ್ ಅಂಗಳದಲ್ಲೇ ಕೂತ. "ದುಗ್ಗಮ್ಮಕ್ಕ, ನೀವು ಓದುದಿಲ್ಲಾಂದ್ರೆ ನಾನೇ ದೊಡ್ಡಕ್ಕೆ ಓದ್ತೇನೆ, ಊರಿಗೆಲ್ಲ ಕೇಳ್ಲಿ" ಅಂದ. ಅವನ ಕಾಟಕ್ಕೆ ಓದಿದೆ. ಆ ಹೆಸರು ಬಂದಾಗ ಎದ್ದು ಹೋಗಿ ಒಂದು ಚೆಂಬು ನೀರು ಕುಡಿದು ಬಂದೆ.

ಮೂರು ದಿನ ಯೋಚಿಸಿದೆಯಂತೆ. ಎಂತ ಯೋಚನೆ ಮಾರಾಯ್ತಿ? ಮರೆತಿದ್ದರೆ ನೆನಪು ಮಾಡುತ್ತೇನೆ, ಕೇಳು.

ಕಡಬದ ಆಚೆಯ ಹೊಳೆಗೆ ಕರೆಂಟಿನ ಯೋಜನೆ ಬರುತ್ತದೆ, ನಮ್ಮ ಗುಡ್ಡದಡಿಯಲ್ಲಿ ಟನಲ್ ಹೋಗುತ್ತದೆ ಎಂದು 2007ರಲ್ಲಿ ಸುದ್ದಿಯಾಯಿತು. ಆಗ ಊರಿನ ನೀರಿನ ಲೆಕ್ಕ ಬರೆಯಲು ಬಂದವನು ಈ ಸರ್ವೋತ್ತಮ. ನಮ್ಮ ಜಗಲಿಯಲ್ಲಿ ಕೂತು ನೀರುದೋಸೆ ತಿಂದವನು. ಬೇಸ ತಿಂಗಳ ಹತ್ತನೆಯ ದಿನ, ಪತ್ತನಾಜೆಗೆ, ನೀರು ವರ್ಷದಲ್ಲೇ ಕೆಳಗಿರುವಾಗ, ನಿನ್ನ ಅಪ್ಪ ಊರಿನ ಹನ್ನೊಂದು ಬಾವಿಯನ್ನೂ ನಮ್ಮ ನೀರಿನ ಸುರಂಗವನ್ನೂ ನೋಡಿ ನೋಟು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ, ಬಾವಿಗೆ ಜಾಗ ಹೇಳುವವರ ಪದ್ಧತಿ. ಆ ಪುಸ್ತಕವನ್ನು ನಕಲು ಮಾಡಿ ಕೊಡುತ್ತೇನೆ ಎಂದು ಕೊಂಡುಹೋದವನು ಇವತ್ತಿನವರೆಗೆ ತಂದುಕೊಡಲಿಲ್ಲ.

2009ರಲ್ಲಿ ಟನಲಿಗೆ ಬಂಡೆ ಸಿಡಿಸುವ ಮದ್ದು ಇಡಲು ಶುರು ಮಾಡಿದರು. ಮರುವರ್ಷ ಜನವರಿಯಲ್ಲಿ ನಿನ್ನ ಅಪ್ಪ ಸುರಂಗದ ಹೂಳು ತೆಗೆಯಲು ಒಳಗೆ ಹೋದರು. ಆಚೆ ಮದ್ದು ಸಿಡಿಯಿತು, ಈಚೆ ಮಾಡು ಬಿತ್ತು. ಅವರು ಮತ್ತೆ ಹೊರಗೆ ಬರಲಿಲ್ಲ. ನಲವತ್ತು ವರ್ಷ ಸುರಂಗ ತೋಡಿದವರು, ಒಂದು ದಿನ ಕೈ ತಪ್ಪಿದವರಲ್ಲ.

ಆ ವರ್ಷದ ಪತ್ತನಾಜೆಗೆ ಅಳೆಯಲು ಒಂದು ನರಪಿಳ್ಳೆ ಬರಲಿಲ್ಲ. ನಾನೇ ಕೋಲು ಹಿಡಿದೆ. ಮನೆಬಾವಿಯಲ್ಲಿ ಹನ್ನೆರಡು ಕೋಲಿಗೆ ಸಿಗುತ್ತಿದ್ದ ನೀರು ಹದಿನಾರಕ್ಕೆ ಇಳಿದಿತ್ತು. ಸರ್ವೋತ್ತಮನಿಗೆ ಕಾರ್ಡು ಹಾಕಿದೆ: "ಹದಿನಾರು ಕೋಲು. ದುಗ್ಗಮ್ಮ." ಎರಡು ತಿಂಗಳಲ್ಲಿ ಪಂಚಾಯತಿಗೆ ಅವನ ವರದಿ ಬಂತು. 2010ರ ಮೇ ತಿಂಗಳಲ್ಲಿ ಅಳೆದಿದ್ದಾರಂತೆ, ನೀರು ಕಡಿಮೆಯಾಗಿಲ್ಲವಂತೆ, ಸುರಂಗ ಬಿದ್ದದ್ದು ಅಗೆದವನ ಅಜಾಗರೂಕತೆಯಿಂದಂತೆ. ಹಳೆಯ ಪುಸ್ತಕದ ಅಂಕಿಗಳಿಗೆ ಹೊಸ ತಾರೀಕು ಹಾಕಿದ್ದ. ನಿನ್ನ ಅಪ್ಪ ಬರೆದದ್ದನ್ನೇ ಹಿಡಿದು ನಿನ್ನ ಅಪ್ಪನ ಮೇಲೆ ಗೂಬೆ ಕೂರಿಸಿದ. ಪುಸ್ತಕ ಅವನ ಹತ್ತಿರ ಇರುವಾಗ ನನ್ನ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

ಅಂದಿನಿಂದ ಪ್ರತಿ ಪತ್ತನಾಜೆಗೂ ಅವನಿಗೆ ಒಂದು ಕಾರ್ಡು ಹೋಗುತ್ತದೆ. ಹದಿನೈದು ಆಯಿತು. ಎಷ್ಟು ಕೋಲು ಎಂದು ಒಂದು ಸಾಲು, ಕೆಳಗೆ ನನ್ನ ಹೆಸರು. ಬೈದು ಬರೆದರೆ ಹರಿದು ಬಿಸಾಡಿ ಉಂಡು ಮಲಗುತ್ತಾನೆ. ಅಂಕಿ ಹಾಗಲ್ಲ, ಹರಿದರೂ ತಲೆಯಲ್ಲಿ ಕೂರುತ್ತದೆ.

ಈಗ ಅವನು ತಾನಾಗಿ ನಿನ್ನ ಕೈಗೆ ಬಂದಿದ್ದಾನೆ. ಆ ವರದಿಯನ್ನು ಹರಿದು ಹಾಕು. ಇನ್ನು ಬರೆಯುವುದಾದರೆ ಹರಿದೆ ಎಂದು ಬರೆ.

ದುಗ್ಗಮ್ಮ


ನಾಗಪುರ
9 ಫೆಬ್ರವರಿ

ಅವ್ವ,

ಹರಿಯಲಿಲ್ಲ. ಹರಿದರೆ ಇನ್ನೊಂದು ಪ್ರತಿ ಕೊಡುತ್ತಾರೆ, ನನ್ನನ್ನು ಮನೆಗೆ ಕಳಿಸುತ್ತಾರೆ, ಕಂಬಗಳನ್ನು ತೆಗೆಯುತ್ತಾರೆ. ನನಗೂ ಕೈ ತುರಿಸುತ್ತಿದೆ, ಇಲ್ಲವೆನ್ನುವುದಿಲ್ಲ.

ಮೊನ್ನೆ ಧವರಾಖಾರಿಗೆ ಹೋಗಿ ಬಂದೆ. ಒಬ್ಬ ಮುದುಕಿ ತನ್ನ ಬಾವಿಯ ಕಟ್ಟೆ ತೋರಿಸಿದಳು. ಹತ್ತಿರದ ಹಳೆ ಗಣಿಯಲ್ಲಿ ಕಂಬ ತೆಗೆದ ವರ್ಷ ಬಿರುಕು ಬಿಟ್ಟದ್ದಂತೆ, ನನ್ನ ಇಡೀ ಅಂಗೈ ಒಳಗೆ ಹೋಯಿತು. ಇವರ ಬಾವಿ ಅಳೆಯಲು ಯಾರಾದರೂ ಬಂದಿದ್ದರೋ ಎಂದು ಕೇಳಿದೆ. ನಾನೇ ಮೊದಲನೆಯವಳಂತೆ.

ಆದರೆ ವರದಿಯಲ್ಲಿ ಹನ್ನೆರಡು ಬಾವಿಗಳ ಪಟ್ಟಿ ಇದೆ. ಕಳೆದ ಮೇ ತಿಂಗಳಲ್ಲಿ ನೀರು ನೆಲದಿಂದ ಎಷ್ಟು ಮೀಟರ್ ಕೆಳಗಿತ್ತು ಎಂದು. ಮೊದಲ ಏಳನ್ನು ಬರೆಯುತ್ತೇನೆ: 9.00, 11.25, 10.50, 6.75, 8.25, 12.00, 0.00.

ಏಳನೆಯದನ್ನು ನೋಡು. ಸೊನ್ನೆ. ಮೇ ತಿಂಗಳಲ್ಲಿ ಇಲ್ಲಿನ ನೆಲ ಕಾದ ಕಾವಲಿಯ ಹಾಗಿರುತ್ತದೆ. ಆಗ ಬಾವಿಯೊಂದು ಕಟ್ಟೆಯ ಮಟ್ಟಕ್ಕೆ ತುಂಬಿತ್ತಂತೆ!

ನನಗೊಂದು ಅನುಮಾನವಿದೆ. ಹೇಳುವುದಿಲ್ಲ. ಹೇಳಿದರೆ ನೀನು ಸಿಟ್ಟಿನಲ್ಲಿ ಹೌದು ಎಂದುಬಿಡುತ್ತೀ. ಅಪ್ಪನ ಕೋಲು ಎರಡೂವರೆ ಅಡಿ, ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಮೀಟರ್. ಅಷ್ಟು ಮಾತ್ರ ಹೇಳುತ್ತೇನೆ. ನೀನೇ ಲೆಕ್ಕ ಹಾಕು.

ಭವಿತಾ


ಪಂಜ
20 ಫೆಬ್ರವರಿ

ಭವಿತಾ,

ಅಸ್ಕರನನ್ನು ಕರೆದು ಕೂರಿಸಿದೆ. ಅವನು ಮೊಬೈಲಿನಲ್ಲಿ ಭಾಗಿಸುತ್ತಾ ಹೋದ, ನಾನು ಬರೆಯುತ್ತಾ ಹೋದೆ.

ಒಂಬತ್ತು ಮೀಟರ್ ಅಂದರೆ ಹನ್ನೆರಡು ಕೋಲು. ಅದು ನಮ್ಮ ಮನೆಬಾವಿ. ಎರಡನೆಯದು ಹದಿನೈದು, ತೋಡಿನ ಬದಿಯ ಬಾವಿ. ಮೂರನೆಯದು ಹದಿನಾಲ್ಕು ಎಂದ ಕೂಡಲೇ ಅಸ್ಕರ್ ಮೊಬೈಲು ಕೆಳಗಿಟ್ಟ. "ಅಲ್ಲ ದುಗ್ಗಮ್ಮಕ್ಕ, ಇದು ನಮ್ಮ ಬಾವಿ ಅಲ್ವಾ? ಡೊಂಬಯ್ಯಣ್ಣ ಅಳೆಯುವಾಗ ಹಗ್ಗ ಹಿಡಿದದ್ದೇ ನಾನು!" ಎಂದು ನಿನ್ನ ಅಪ್ಪನ ಹೆಸರು ಹಿಡಿದು ಹೇಳಿದ. ಆಮೇಲೆ ಒಂಬತ್ತು, ಹನ್ನೊಂದು, ಹದಿನಾರು. ಒಂದರಲ್ಲೂ ಚೂರುಪಾರು ಉಳಿಯಲಿಲ್ಲ. ಕಲ್ಲಿದ್ದಲಿನ ಊರಿನವರು ಕೋಲಿನಲ್ಲಿ ಅಳೆಯುತ್ತಾರಾ, ಕೇಳು ನೋಡುವ.

ಏಳನೆಯದು ಬಾವಿಯೇ ಅಲ್ಲ ಮಗಾ. ಅದು ನಮ್ಮ ಸುರಂಗ. ಗುಡ್ಡಕ್ಕೆ ಅಡ್ಡ ತೋಡಿದ್ದು, ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಅದಕ್ಕೆ ಎಂತದ್ದು ಆಳ? ಅದಕ್ಕೇ ನಿನ್ನ ಅಪ್ಪ ಅಲ್ಲಿ ಸೊನ್ನೆ ಹಾಕುತ್ತಿದ್ದರು. ಬರಗೆಟ್ಟವ, ನಕಲು ಮಾಡುವಾಗ ಅದು ಎಂತ ಎಂದು ಕೂಡ ನೋಡಲಿಲ್ಲ. 2010ರ ವರದಿಯಲ್ಲೂ ಏಳನೆಯದು ಸೊನ್ನೆಯೇ. ಸುರಂಗ ಮುಚ್ಚಿ, ಒಂದು ಹನಿ ಹೊರಗೆ ಬಾರದೆ ನಾಲ್ಕು ತಿಂಗಳಾಗಿತ್ತು. ಪಂಚಾಯತಿಯಲ್ಲಿ ನಾನು ಕೂಗಿ ಹೇಳಿದೆ. "ಅದು ಟೆಕ್ನಿಕಲ್ ವಿಷಯ, ನಿಮಗೆ ಅರ್ಥ ಆಗುದಿಲ್ಲ" ಎಂದರು.

ನಿನ್ನ ಅಪ್ಪನನ್ನು ಕೊಂದ ಸುರಂಗವನ್ನು ಅಲ್ಲಿವರೆಗೂ ಹೊತ್ತುಕೊಂಡು ಹೋಗಿ ಇನ್ನೊಂದು ಊರಿನ ತಲೆಯ ಮೇಲೆ ಇಟ್ಟಿದ್ದಾನೆ. ನನಗೆ ಅವನು ಸಾಯುವುದು ಬೇಡ. ಸತ್ತರೆ ತಪ್ಪಿಸಿಕೊಂಡ ಹಾಗೆ. ಸುಳ್ಳು ಬರೆದ ಕೈಯಿಂದಲೇ ಅವನು ನಿಜ ಬರೆಯಬೇಕು, ಕೆಳಗೆ ಸಹಿ ಹಾಕಬೇಕು. ಅಷ್ಟು ಮಾಡಿಸು.

ಪಂಚಾಯತಿಯಿಂದ ಆಗ ತಂದ ವರದಿಯ ಪ್ರತಿ ಇದರ ಜೊತೆ ಇಟ್ಟಿದ್ದೇನೆ.

ದುಗ್ಗಮ್ಮ


ನಾಗಪುರ
8 ಮಾರ್ಚ್

ಅವ್ವ,

ಮೊದಲು ಬೇಜಾರಿನ ಸುದ್ದಿ. ನಾನು ಆ ಕಡತದಿಂದ ಹೊರಗೆ ಬಂದಿದ್ದೇನೆ. ನಾನು ಡೊಂಬಯ್ಯನವರ ಮಗಳು ಎಂದು ನಮ್ಮ ಹಿರಿಯ ಅಧಿಕಾರಿ ನೀಲಾವತಿ ಮೇಡಂಗೆ ನಾನೇ ಹೇಳಿದೆ. ಬಯ್ಯಬೇಡ. ಮುಚ್ಚಿಟ್ಟು ಮುಂದೆ ಗೊತ್ತಾದರೆ, ಹಗೆ ಸಾಧಿಸಲು ಬರೆದಳು ಎಂದು ಅವನು ಪಾರಾಗುತ್ತಿದ್ದ.

ಹೊರಗೆ ಬರುವ ಮೊದಲು ಒಂದು ಪ್ರಶ್ನೆ ಬರೆದು ಕೊಟ್ಟೆ. ಮೇಡಂ ಎರಡು ವರದಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಒಂದಕ್ಷರ ಬದಲಿಸದೆ ತಮ್ಮ ಸಹಿಯಲ್ಲಿ ಕಳಿಸಿದರು. "ಹನ್ನೆರಡು ಬಾವಿಗಳನ್ನು ಅಳೆದ ದಿನಾಂಕ, ಅಳೆದವರ ಹೆಸರು, ಅಳತೆಯ ಮೂಲ ಪುಸ್ತಕ ಒದಗಿಸಿರಿ." ಇಷ್ಟೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಿದ್ದೆಯಲ್ಲ.

ಸರ್ವೋತ್ತಮನ ಮುಂದಿರುವುದು ಎರಡೇ ದಾರಿ. ಧವರಾಖಾರಿನಲ್ಲೇ ಅಳೆದೆವು ಎಂದರೆ ಪುಸ್ತಕ ತೋರಿಸಬೇಕು, ಇಲ್ಲ. ಆಗ ಅದು ಕಟ್ಟುಕತೆ, ಕೇಸು ಬೀಳುವುದು ಮಗ ರಿತೇಶನ ಮೇಲೆ, ಏಕೆಂದರೆ ಈಗ ಸಂಸ್ಥೆ ಅವನ ಹೆಸರಿನಲ್ಲಿದೆ. ಕಣ್ತಪ್ಪಿನಿಂದ ಹಳೆಯ ಕಡತದ ಪಟ್ಟಿ ಸೇರಿತು ಎಂದರೆ ಮಗ ಉಳಿಯುತ್ತಾನೆ. ಆದರೆ ಹಳೆಯ ಕಡತ ಇದೆ ಎಂದು ತೋರಿಸಲು ನಮ್ಮ ಅಪ್ಪನ ಪುಸ್ತಕವನ್ನು ಹೊರಗೆ ತೆಗೆಯಲೇಬೇಕು. ಅದರಲ್ಲಿ ಅಪ್ಪನ ಅಕ್ಷರದಲ್ಲಿ 2007 ಎಂದಿದೆ, 2010ರ ಸುಳ್ಳೂ ಬಯಲಾಗುತ್ತದೆ.

ಇನ್ನೊಂದು ಮಾತು. ಹದಿನೆಂಟು ವರ್ಷದಿಂದ ಹೇಳದೆ ಇಟ್ಟುಕೊಂಡದ್ದು. ಆ ದಿನ ಅಪ್ಪ ಮನೆಯಲ್ಲಿರಲಿಲ್ಲ, ನೀನು ಹಟ್ಟಿಯಲ್ಲಿದ್ದೆ. ಮಾಡಿನ ಸಂದಿಯಿಂದ ಪುಸ್ತಕ ತೆಗೆದು ಸರ್ವೋತ್ತಮನ ಕೈಗೆ ಕೊಟ್ಟದ್ದು ನಾನು. ಒಂದು ಪೆನ್ನು ಕೊಟ್ಟಿದ್ದ, ನಾಲ್ಕು ಬಣ್ಣದ್ದು.

ಭವಿತಾ


ಪುತ್ತೂರು
2 ಏಪ್ರಿಲ್

ಗೌರವಾನ್ವಿತ ದುಗ್ಗಮ್ಮಕ್ಕನವರಿಗೆ,

ಸರ್ವೋತ್ತಮನ ನಮಸ್ಕಾರಗಳು. ನೀವು ಕಳಿಸಿದ ಹದಿನೈದು ಕಾರ್ಡುಗಳೂ ನನ್ನಲ್ಲಿವೆ. ಉತ್ತರಿಸಲಿಲ್ಲ, ತಪ್ಪಾಯಿತು.

ನನ್ನ ಮಗನ ಕಚೇರಿಯಲ್ಲಿ ಒಂದು ಸಣ್ಣ ಪ್ರಮಾದ ನಡೆದಿದೆ. ಹಳೆಯ ಪಟ್ಟಿಯೊಂದು ಬೇರೆ ವರದಿಯೊಳಗೆ ಸೇರಿಬಿಟ್ಟಿದೆ. ನಿಮ್ಮ ಯಜಮಾನರ ಅಳತೆಗಳನ್ನು ನೀವೇ 2010ರಲ್ಲಿ ಮುಂದುವರಿಸಿದಿರಿ, ಆ ಪಟ್ಟಿ ಆ ವರ್ಷದ್ದು ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಎಲ್ಲವೂ ಸಲೀಸಾಗಿ ಮುಗಿಯುತ್ತದೆ. ಯಾರಿಗೂ ನಷ್ಟವಿಲ್ಲ. ನೋಟು ಪುಸ್ತಕವನ್ನು ನಾನೇ ತಂದು ನಿಮ್ಮ ಕೈಗೆ ಒಪ್ಪಿಸುತ್ತೇನೆ. ಆದಿತ್ಯವಾರ ಬರಲೇ?

ರಿತೇಶನಿಗೆ ಎರಡು ಸಣ್ಣ ಮಕ್ಕಳಿದ್ದಾರೆ. ನೀವೂ ತಾಯಿ.

ತಮ್ಮ ವಿಶ್ವಾಸದ,
ಸರ್ವೋತ್ತಮ


ಪಂಜ
11 ಏಪ್ರಿಲ್

ಮಗಾ,

ಬನ್ನಿ ಎಂದು ಹೇಳಿ ಕಳಿಸಿದ್ದೆ. ಬಂದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಅಯ್ಯೋ ಪಾಪ ಅನಿಸಬಹುದು ಎಂದು ಹೆದರಿದ್ದೆ. ಅನಿಸಲಿಲ್ಲ.

ಬೆಲ್ಲ ನೀರು ಕೊಟ್ಟೆ. ಮನೆಗೆ ಬಂದವರಿಗೆ ಕೊಡದಿರುವುದು ಹೇಗೆ? ಬಾಯಾರಿಕೆ ತೀರಿಸಿಕೊಂಡು, ಚೀಲದಿಂದ ಪುಸ್ತಕ ತೆಗೆದು ಮಣೆಯ ಮೇಲಿಟ್ಟ. ಅದರ ನೀಲಿ ರಟ್ಟು ಹಾಗೇ ಉಂಟು. ನಿನ್ನ ಅಪ್ಪ ಎಲೆ ಅಡಿಕೆ ತಿಂದ ಕೈಯಲ್ಲಿ ಮುಟ್ಟಿದ ಕಲೆ ಕೂಡ ಹಾಗೇ ಉಂಟು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಹಿಂದೆ ಎಳೆದುಕೊಂಡೆ.

"ಸಹಿ ಒಂದು ಹಾಕಿದ್ರೆ ಆಯ್ತು ದುಗ್ಗಮ್ಮಕ್ಕ. ಪುಸ್ತಕ ನಿಮಗೇ."

"ಹಾಕುವ. ಮೊದಲು ಬಾವಿ ಅಳೆಯಿರಿ" ಎಂದೆ.

"ಈಗ ಎಂತಕ್ಕೆ?"

"2010ರಲ್ಲಿ ಅಳೆದಿದ್ದೇವೆ ಅಂತ ಬರೆದವರು ನೀವು. ನನಗೆ ಅಳೆಯುದು ಹೇಗೆ ಅಂತ ಮರೆತು ಹೋಗಿದೆ. ತೋರಿಸಿ."

ಅಸ್ಕರ್ ಹಗ್ಗ ತಂದ. ನಾನು ನಿನ್ನ ಅಪ್ಪನ ಕೋಲು ತಂದೆ. ಸರ್ವೋತ್ತಮ ಕಟ್ಟೆಗೆ ಹೊಟ್ಟೆ ತಾಗಿಸಿ ಬಗ್ಗಿದ. ನಾನು ಬೆನ್ನ ಹಿಂದೆ ನಿಂತಿದ್ದೆ. ಸುಳ್ಳು ಹೇಳುವುದಿಲ್ಲ, ಕೈ ಎತ್ತಿದ್ದೆ. ಒಂದು ದೂಡಿದ್ದರೆ ಸಾಕಿತ್ತು. ಅಸ್ಕರ್ ನೋಡಿದ. ಸರ್ವೋತ್ತಮ ಬಿದ್ದರೆ ಬಾವಿ ಹಾಳಾಗುತ್ತದೆ ಎಂದು ಬಿಟ್ಟೆ. ಇರುವ ಸ್ವಲ್ಪ ನೀರನ್ನೂ ಯಾಕೆ ಕೆಡಿಸುವುದು?

ಹಗ್ಗ ಮೇಲೆ ಎಳೆದು ಕೋಲಿನಿಂದ ಅಳೆದ. ಎಣಿಸುತ್ತಾ ಹನ್ನೆರಡು ಬಂದಾಗ ನಿಲ್ಲಿಸಿದ.

"ಯಾಕೆ ನಿಂತಿರಿ? ಇನ್ನೂ ಉಂಟಲ್ಲ ಹಗ್ಗ."

ಹದಿಮೂರು. ಹದಿನಾಲ್ಕು. ಹದಿನೈದು. ಹದಿನಾರು ಎನ್ನುವಾಗ ಸ್ವರ ಕೇಳಿಸಲೇ ಇಲ್ಲ. ಜೋರಾಗಿ ಹೇಳಿ ಎಂದೆ, ಹೇಳಿದ. ಪತ್ತನಾಜೆಗೆ ಇನ್ನೂ ಒಂದೂವರೆ ತಿಂಗಳು ಉಂಟು.

"ನನ್ನ ಮೊದಲ ಕಾರ್ಡಿನಲ್ಲೂ ಇದೇ ಬರೆದಿದ್ದೆ. ಅಂಚೆಯ ಸೀಲು ಕೂಡ ಉಂಟು, 2010ರ ಮೇ. ಓದಿರ್ಲಿಲ್ವಾ?"

"ಓದಿದ್ದೆ."

"ಓದಿಯೂ ಹನ್ನೆರಡು ಬರೆದ್ರಾ?"

ಆಗ ಅತ್ತ. ಕಂಪೆನಿಯವರ ಒತ್ತಡ ಇತ್ತಂತೆ, ಅವರ ಮುಂದೆ ಅವನು ಸಣ್ಣ ಮನುಷ್ಯನಂತೆ, ಡೊಂಬಯ್ಯಣ್ಣನ ಬಗ್ಗೆ ತುಂಬ ಗೌರವ ಇತ್ತಂತೆ. "ನನ್ನನ್ನು ಎಂತ ಬೇಕಾದ್ರೂ ಮಾಡಿ, ನನ್ನ ಮಗನನ್ನು ಬಿಡಿ" ಎಂದ.

"ನಿಮ್ಮ ಮಗನನ್ನು ಬಿಡುದು ನನ್ನ ಕೈಯಲ್ಲಿಲ್ಲ ಮಾರಾಯ್ರೆ. ನಿಮ್ಮ ಕೈಯಲ್ಲುಂಟು. ಆ ಪುಸ್ತಕದಲ್ಲಿ ಇರುವ ತಾರೀಕು ಬರೆಯಿರಿ. ಉಪ್ಪು ತಿಂದವ ನೀರು ಕುಡಿಯಬೇಕು. ಕುಡಿಯಲು ನಮ್ಮ ಬಾವಿಯಲ್ಲಿ ಇಷ್ಟಾದರೂ ಉಳಿದಿದೆ."

ಪುಸ್ತಕವನ್ನು ನಾನೇ ಅವನ ಚೀಲಕ್ಕೆ ಹಾಕಿ ಕಳಿಸಿದೆ. ಅಸ್ಕರ್ ತಲೆ ತಲೆ ಚಚ್ಚಿಕೊಂಡ. "ಕೈಗೆ ಬಂದದ್ದನ್ನು ಬಿಟ್ರಲ್ಲ, ಅವ ದಾರಿಯಲ್ಲಿ ಸುಟ್ಟು ಹಾಕಿದ್ರೆ?" ಸುಟ್ಟರೆ ಅವನ ಮಗನೂ ಸುಟ್ಟುಹೋಗುತ್ತಾನೆ. ನನ್ನ ಹತ್ತಿರ ಇದ್ದರೆ ಅದು ಮುದುಕಿಯ ಹಳೆ ಪುಸ್ತಕ. ಅವನೇ ಕೊಟ್ಟರೆ ಸಾಕ್ಷಿ. ನಿನ್ನ ಕಾಗದ ಓದಿ ಅಷ್ಟು ನನಗೂ ಅರ್ಥವಾಗಿದೆ.

ಪೆನ್ನಿನ ವಿಷಯ. ನನಗೆ ಅಂದೇ ಗೊತ್ತಿತ್ತು. ನಿನ್ನ ಕಂಪಾಸು ಪೆಟ್ಟಿಗೆಯಲ್ಲಿ ನೋಡಿದ್ದೆ. ಹೇಳಲಿಲ್ಲ. ನಿನ್ನ ಮೇಲೆ ಸಿಟ್ಟು ಇರಲಿಲ್ಲ ಎಂದಲ್ಲ, ಇತ್ತು. ಆದರೆ ಸಿಟ್ಟನ್ನು ನಿನಗೆ ಹಂಚಿದರೆ ಅವನ ಪಾಲು ಕಡಿಮೆಯಾಗುತ್ತದೆ ಎಂದು ಪೂರ್ತಿ ಅವನಿಗೇ ಇಟ್ಟೆ. ಫೋನು ಎತ್ತದೆ ಇದ್ದದ್ದು ಕಲ್ಲಿದ್ದಲಿಗೆ ಅಲ್ಲ. ಆ ಕೆಲಸಕ್ಕೆ ಸೇರಿದ ಮೇಲೆ ನಿನ್ನ ಮಾತೆಲ್ಲ ಬಾವಿ, ವರದಿ ಎಂದೇ; ಮಾತಾಡಿದರೆ ಎಲ್ಲಿ ಪೆನ್ನಿನ ವಿಷಯ ಬಾಯಿ ತಪ್ಪಿ ಬರುತ್ತದೋ ಎಂದು.

ಸರಿ ಬಿಡು. ಉಣ್ಣು, ಮಲಗು.

ಅವ್ವ


ನಾಗಪುರ
15 ಮೇ

ಅವ್ವ,

ಉತ್ತರ ಬಂತು. ನಾನು ಆ ಕೋಣೆಯಲ್ಲಿರಲಿಲ್ಲ. ನೀಲಾವತಿ ಮೇಡಂ ಹೊರಗೆ ಬಂದು ಒಂದು ಹಾಳೆ ನನ್ನ ಕೈಗಿಟ್ಟರು. ಅದರ ದೃಢೀಕರಿಸಿದ ಪ್ರತಿ ಇದರೊಳಗಿದೆ. ಕನ್ನಡಕ್ಕೆ ತಿರುಗಿಸಿ ಬರೆಯುತ್ತೇನೆ, ನಿಧಾನವಾಗಿ ಓದು.

"ಸದರಿ ಅಳತೆಗಳು ಧವರಾಖಾರಿನವಲ್ಲ. ಅವುಗಳನ್ನು ಪಂಜದಲ್ಲಿ ಅಳೆದವರು ಡೊಂಬಯ್ಯ. ದಿನಾಂಕ 25 ಮೇ 2007. 2010ರ ನನ್ನ ವರದಿಯಲ್ಲಿ ಇವೇ ಅಂಕಿಗಳಿಗೆ ತಪ್ಪು ದಿನಾಂಕ ನಮೂದಿಸಿದವನು ನಾನು. 2010ರಲ್ಲಿ ಯಾವ ಅಳತೆಯೂ ನಡೆದಿರಲಿಲ್ಲ. ಸುರಂಗ ಕುಸಿತದ ಬಗ್ಗೆ ನಾನು ಬರೆದದ್ದಕ್ಕೆ ಆಧಾರವಿರಲಿಲ್ಲ. ಸರ್ವೋತ್ತಮ."

ಕಂಬಗಳನ್ನು ತೆಗೆಯಲು ಅನುಮತಿ ಸಿಗಲಿಲ್ಲ. ಮೂರು ಹಳ್ಳಿಗಳ ಬಾವಿಗಳನ್ನು ಎರಡು ವರ್ಷ ನಿಜವಾಗಿ ಅಳೆದ ಮೇಲೆ ನೋಡೋಣ ಎಂದಿದ್ದಾರೆ. ಸರ್ವೋತ್ತಮ ಇನ್ನು ಎಲ್ಲಿಯೂ ವರದಿ ಬರೆಯುವಂತಿಲ್ಲ. ಹಳೆಯ ವರದಿಯನ್ನು ಮತ್ತೆ ತೆರೆಯಬೇಕೆಂದು ನಿಮ್ಮ ಕಡೆಯ ಇಲಾಖೆಗೂ ಪತ್ರ ಹೋಗಿದೆ. ರಿತೇಶನಿಗೆ ಎಚ್ಚರಿಕೆ ಮಾತ್ರ ಕೊಟ್ಟಿದ್ದಾರೆ.

ಪುಸ್ತಕ ಸಮಿತಿಯಲ್ಲಿದೆ. ವಿಚಾರಣೆ ಮುಗಿದ ಮೇಲೆ ನಾನೇ ತರುತ್ತೇನೆ. ಎಲ್ಲಿಂದ ತೆಗೆದೆನೋ ಅಲ್ಲೇ ಇಡುತ್ತೇನೆ.

ಭವಿತಾ


ಪಂಜ
24 ಮೇ, ಪತ್ತನಾಜೆ

ಮಗಾ,

ಹಾಳೆ ಸಿಕ್ಕಿತು. ಮೂರು ಸಲ ಓದಿದೆ. ಖುಷಿಯಾಯಿತು. ಹೊಟ್ಟೆ ತಣ್ಣಗಾಯಿತು. ಹಗೆ ತೀರಿದರೆ ಮನಸ್ಸು ಖಾಲಿಯಾಗುತ್ತದೆ ಎನ್ನುತ್ತಾರಲ್ಲ, ಅದು ಹಗೆ ತೀರದವರು ಹೇಳುವ ಮಾತು. ನಾನು ಹೊಟ್ಟೆ ತುಂಬ ಉಂಡೆ.

ಆಮೇಲೆ ಮುಚ್ಚಿಹೋದ ಸುರಂಗದ ಬಾಯಿಗೆ ಹೋಗಿ, ಆ ಹಾಳೆಯನ್ನು ದೊಡ್ಡಕ್ಕೆ ಓದಿದೆ. ಮದುವೆಯಾದಂದಿನಿಂದ ನಿನ್ನ ಅಪ್ಪನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಇವತ್ತು ಹೇಳಿದೆ. ಓದುವಾಗ ಬಿಡಲಿಕ್ಕಾಗುತ್ತದಾ?

ಬೆಳಿಗ್ಗೆ ಅಸ್ಕರ್ ಹಗ್ಗ ಹಿಡಿದ, ನಾನು ಬಾವಿ ಅಳೆದೆ. ನೀರೇನೂ ಮೇಲೆ ಬಂದಿಲ್ಲ. ಅವನು ಸಹಿ ಹಾಕಿದ ಎಂದು ಗುಡ್ಡದಡಿಯ ಟನಲ್ ಮುಚ್ಚುವುದಿಲ್ಲವಲ್ಲ. ಹಾಗಾಗಿ ಕಾರ್ಡು ನಿಲ್ಲಿಸುವುದಿಲ್ಲ. ಈ ವರ್ಷದ್ದು ಬರೆದು ಮುಗಿಸಿದೆ, ಇದರ ಜೊತೆಗೇ ಅಂಚೆಗೆ ಹೋಗುತ್ತದೆ.

ರಾತ್ರಿ ಫೋನು ಮಾಡು. ಎತ್ತುತ್ತೇನೆ.

ನಿನ್ನ ಅವ್ವ


(ಅಂಚೆ ಕಾರ್ಡು)

ಶ್ರೀ ಸರ್ವೋತ್ತಮ, ಪುತ್ತೂರು

ಹದಿನೇಳು ಕೋಲು.
ಅಳೆದವಳು ಡೊಂಬಯ್ಯನ ಹೆಂಡತಿ ದುಗ್ಗಮ್ಮ.
24 ಮೇ 2025. ತಾರೀಕು ಸರಿಯಾಗಿ ಬರೆದುಕೊಳ್ಳಿ.